ಸಾವನದುರ್ಗದ ಬುಡದಲ್ಲಿ ಒಂದು ಬೋರ್ಡು ಬೇಕು

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಮಾಗಡಿ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಅರ್ಧದಷ್ಟು ಸಾವನದುರ್ಗಕ್ಕೇ ಹೊರಟಿರುತ್ತವೇನೋ ಅನ್ನಿಸುತ್ತದೆ. ನಾನೂ ಹೋಗಿದ್ದೇನೆ, ಮೂರು ಸಲ. ಕತ್ತಲಲ್ಲೇ ಕರಿಗುಡ್ಡ ಹತ್ತಬೇಕು, ಮೇಲಿನ ನಂದಿ ಮಂಟಪದ ಹತ್ತಿರ ಸೂರ್ಯ ಹುಟ್ಟೋ ಫೋಟೋ ತೆಗೀಬೇಕು, ಬಿಸಿಲೇರುವ ಮೊದಲು ಇಳಿದು ಬಿಡದಿಗೆ ಸುತ್ತು ಹಾಕಿ ತಟ್ಟೆ ಇಡ್ಲಿ ತಿಂದು ಮನೆ ಸೇರಬೇಕು. ಬಂಡೆ ಹತ್ತುವಾಗ ಕಾಲು ಜಾರಿದರೆ ಏನಾಗುತ್ತೆ ಅನ್ನೋ ಭಯ ಎಲ್ಲರಿಗೂ ಒಂದು ಕ್ಷಣ ಬರುತ್ತೆ. ಅಷ್ಟು ಕಡಿದಾದ ಬಂಡೆ ಅದು.

1791ರ ಡಿಸೆಂಬರ್ 21ರಂದು, ಹಾಡಹಗಲಲ್ಲಿ, ಇದೇ ಬಂಡೆಯಿಂದ ಜನ ಉರುಳಿ ಬಿದ್ದು ಸತ್ತರು. ಮೂರನೇ ಆಂಗ್ಲೋ-ಮೈಸೂರು ಯುದ್ಧದ ಸಮಯ. ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಬಿದಿರು ಮೆಳೆ ಕಡಿದು ದಾರಿ ಮಾಡಿ, ಬಂಡೆಗಳ ಮೇಲೆ ಫಿರಂಗಿ ಎಳೆದು ತಂದು, ನಾಲ್ಕು ದಿನ ಕೋಟೆ ಗೋಡೆಗೆ ಗುಂಡು ಹೊಡೆಯಿತು. ಆಮೇಲೆ ಏಣಿ ಹಿಡಿದು ನುಗ್ಗಿತು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ತಮ್ಮ ಕಡೆ ಒಬ್ಬನೂ ಸಾಯಲಿಲ್ಲ ಅಂತ ಬ್ರಿಟಿಷರು ಹೆಮ್ಮೆಯಿಂದ ಬರೆದುಕೊಂಡರು. ಕೋಟೆಯೊಳಗಿದ್ದ ಮೈಸೂರಿನವರು ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಓಡುವಾಗ ಪ್ರಪಾತಕ್ಕೆ ಬಿದ್ದವರು.

ಆ ನೂರು ಚಿಲ್ಲರೆ ಜನರಲ್ಲಿ ಒಬ್ಬನ ಹೆಸರಾದರೂ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಮೂರು ಸಲ ಹೋದಾಗಲೂ ಅಲ್ಲಿ ನನ್ನ ಕಣ್ಣಿಗೆ ಬಿದ್ದ ಬೋರ್ಡುಗಳು ಎರಡೇ ಥರದವು: ಪ್ಲಾಸ್ಟಿಕ್ ಬಿಸಾಡಬೇಡಿ, ಮದ್ಯಪಾನ ನಿಷೇಧಿಸಿದೆ. ಎರಡೂ ಒಳ್ಳೆಯ ಮಾತೇ. ಮೂರನೆಯದೊಂದು ಬೋರ್ಡು ಬೇಕು ಅನ್ನೋದು ನನ್ನ ತಕರಾರು. ಅದು ಯಾಕಿಲ್ಲ ಅನ್ನೋದಕ್ಕೆ ಕಾರಣ ಹುಡುಕುತ್ತಾ ಹೋದರೆ ನಮ್ಮ ಬಗ್ಗೆ ಅಷ್ಟೇನೂ ಮರ್ಯಾದೆಯಿಲ್ಲದ ಸಂಗತಿಗಳು ಸಿಗುತ್ತವೆ.

*

ಅದೇ ವರ್ಷದ ಮೇ ತಿಂಗಳಿಗೆ ಹೋಗೋಣ. ಮಾರ್ಚ್‌ನಲ್ಲಿ ಬೆಂಗಳೂರು ಪೇಟೆ, ಕೋಟೆ ಎರಡೂ ಬಿದ್ದಿದ್ದವು. ಮೇ 4ಕ್ಕೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪು ಕಾಳು, ಹುಲ್ಲು ಏನೂ ಸಿಗದಂತೆ ಮಾಡಿದ್ದ. ಹಾಗಾಗಿ ಕಾರ್ನ್‌ವಾಲಿಸ್ ಕನಕಪುರದ ದಾರಿ ಹಿಡಿದ. ಆಗ ಅದರ ಹೆಸರು ಕಾನಕಾನಹಳ್ಳಿ. ಅಲ್ಲೂ ಅದೇ ಕಥೆ. ಹಳ್ಳಿಗಳು ಸುಟ್ಟಿದ್ದವು, ಜನರನ್ನು ಎಬ್ಬಿಸಿ ಕಳಿಸಿದ್ದರು. ಇವತ್ತು ನಾವು ಎಕ್ಸ್‌ಪ್ರೆಸ್‌ವೇನಲ್ಲಿ ಒಂದೂವರೆ ಗಂಟೆಯಲ್ಲಿ ಮುಟ್ಟುವ ಶ್ರೀರಂಗಪಟ್ಟಣದ ಹತ್ತಿರಕ್ಕೆ ಹೋಗಲು ಆ ಸೈನ್ಯಕ್ಕೆ ಒಂಬತ್ತು ದಿನ ಹಿಡಿಯಿತು. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಫಿರಂಗಿಗಳನ್ನು ಮನುಷ್ಯರೇ ಎಳೆದರು. ಅರಕೆರೆಯ ಹತ್ತಿರ ಕಾಳಗ ಗೆದ್ದೂ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ವಾಪಸ್ ಬರಬೇಕಾಯಿತು.

ಯುದ್ಧತಂತ್ರದ ಪುಸ್ತಕದಲ್ಲಿ ಇದು ಟಿಪ್ಪುವಿನ ಜಾಣತನ. ಶತ್ರುವಿಗೆ ಒಂದು ಹಿಡಿ ಹುಲ್ಲೂ ಸಿಗಬಾರದು. ಸರಿ. ಆದರೆ ಆ ಹುಲ್ಲು ಯಾರದ್ದು? ಆ ಕಣಜ ಯಾರದ್ದು? ಬಿ.ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ಕಾನಕಾನಹಳ್ಳಿಯ ಬಗ್ಗೆ ಒಂದು ಮಾತು ಬರೆದಿದ್ದಾರೆ: ಶ್ರೀರಂಗಪಟ್ಟಣಕ್ಕೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ಉಪಯೋಗ ಆಗಬಾರದು ಅಂತ ಟಿಪ್ಪು ಈ ಊರನ್ನು ಎರಡು ಸಲ ನಾಶ ಮಾಡಿಸಿದ. ಎರಡು ಸಲ ಅನ್ನೋದನ್ನು ಗಮನಿಸಿ. ಮೊದಲ ಸಲ ಸುಟ್ಟ ಮೇಲೆ ಜನ ವಾಪಸ್ ಬಂದು, ಗೋಡೆ ಎಬ್ಬಿಸಿ, ಸೂರು ಹೊದಿಸಿ, ರಾಗಿ ಬಿತ್ತಿರಬೇಕು. ಇಲ್ಲದಿದ್ದರೆ ಎರಡನೇ ಸಲ ನಾಶ ಮಾಡಲು ಅಲ್ಲಿ ಏನಿರುತ್ತಿತ್ತು?

ಈ ಜನರನ್ನು ನಾವು ನೆನೆಯುವುದಿಲ್ಲ. ಯಾಕೆಂದರೆ ಅವರ ಊರು ಸುಟ್ಟವನು ಅವರದ್ದೇ ದೊರೆ, ಅವನು ಸುಡಿಸಿದ್ದು ಪರದೇಶದಿಂದ ಬಂದ ಕಂಪನಿಯನ್ನು ತಡೆಯಲು. ಟಿಪ್ಪು ಸ್ವಾತಂತ್ರ್ಯ ಹೋರಾಟಗಾರ ಅನ್ನುವವರಿಗೆ ಕನಕಪುರದ ಬೂದಿ ಮುಜುಗರ. ಟಿಪ್ಪು ಮತಾಂಧ ಅನ್ನುವವರಿಗೂ ಅದು ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಆ ಬೆಂಕಿ ಯಾರ ಜಾತಿ, ಧರ್ಮವನ್ನೂ ಕೇಳಲಿಲ್ಲ. ದಾರಿಯಲ್ಲಿದ್ದಿದ್ದೇ ಆ ಜನರ ತಪ್ಪು. ಎರಡೂ ಪಕ್ಷದ ಭಾಷಣಕ್ಕೆ ಒದಗದ ಸತ್ತವರು ನಮ್ಮಲ್ಲಿ ಎರಡನೇ ಸಲ ಸಾಯುತ್ತಾರೆ.

ಇದೇ ಜಿಲ್ಲೆಯ ಪಕ್ಕದ ತಾಲ್ಲೂಕು ಚನ್ನಪಟ್ಟಣದಲ್ಲಿ ಅದೇ ಟಿಪ್ಪುವಿನ ಹೆಸರು ಇನ್ನೊಂದು ಥರ ಬದುಕಿದೆ. ಪರ್ಶಿಯಾದ ಕುಶಲಕರ್ಮಿಗಳನ್ನು ಕರೆಸಿ, ಆಲೆ ಮರದ ಮೇಲೆ ಅರಗಿನ ಬಣ್ಣ ಹಚ್ಚುವ ಕೆಲಸ ಕಲಿಸಿದವನು ಅವನೇ ಅನ್ನೋದು ಅಲ್ಲಿನ ಹೇಳಿಕೆ. ನಿಮ್ಮ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಆ ಬಣ್ಣದ ಗಿಲಕಿಯ ಹಿಂದೆಯೂ ಅವನ ಹೆಸರಿದೆ. ಒಂದು ತಾಲ್ಲೂಕಿಗೆ ಆಟಿಕೆ, ಒಂದು ತಾಲ್ಲೂಕಿಗೆ ಬೆಂಕಿ. ಇವೆರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ನಾವು ಇತಿಹಾಸದ ಬಗ್ಗೆ ಬಾಯಿ ತೆಗೆಯಲೇಬಾರದು.

*

ನಾವು ಮಾಡಿದ್ದೇನು? ಹೋಗಿ ಬಂದು ಕಚ್ಚಾಡಿದ್ದು. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಇನ್ನೂರು ವರ್ಷ ಹಳೆಯ ಯುದ್ಧ ನಾಲ್ಕು ವರ್ಷ ನಮ್ಮ ನವೆಂಬರ್ ತಿಂಗಳ ಪೊಲೀಸ್ ಬಂದೋಬಸ್ತ್ ಆಗಿ ಉಳಿಯಿತು. ಆ ನಾಲ್ಕು ವರ್ಷದ ಟಿವಿ ಚರ್ಚೆಗಳಲ್ಲಿ ಕಾನಕಾನಹಳ್ಳಿ ಅನ್ನೋ ಹೆಸರನ್ನು ನಾನಂತೂ ಒಮ್ಮೆಯೂ ಕೇಳಲಿಲ್ಲ.

ಆಮೇಲೆ 2023ರ ಮಾರ್ಚ್. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಉರಿಗೌಡ, ನಂಜೇಗೌಡ ಅಂತ ಎರಡು ಹೆಸರಿನ ಮಹಾದ್ವಾರ ಎದ್ದಿತು. ಟಿಪ್ಪುವನ್ನು ಕೊಂದವರು ಇವರೇ ಅನ್ನೋ ಕಥೆ. ಗದ್ದಲವಾಗಿ ಆ ಹೆಸರು ತೆಗೆದರು. ಸಚಿವರೊಬ್ಬರು ಸಿನಿಮಾ ಮಾಡುತ್ತೇನೆ ಅಂದರು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ದಾಖಲೆಯಿಲ್ಲದೆ ಗೊಂದಲ ಬೇಡ ಅಂದ ಮೇಲೆ ಕೈಬಿಟ್ಟರು. ಸ್ವಾಮೀಜಿಯವರ ಮಾತಿನಿಂದ ಆ ಅಧ್ಯಾಯ ಮುಗಿಯಿತು, ಒಳ್ಳೆಯದಾಯಿತು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ಸಾವನದುರ್ಗದ ಬಂಡೆಯಿಂದ ನಿಜವಾಗಿ ಬಿದ್ದು ಸತ್ತವರಿಗೆ ಇವತ್ತಿಗೂ ಒಂದು ತಗಡಿನ ಬೋರ್ಡಿಲ್ಲ. ದಾಖಲೆಯಲ್ಲಿ ಇಲ್ಲದ ಇಬ್ಬರಿಗೆ ರಾತ್ರೋರಾತ್ರಿ ಮಹಾದ್ವಾರ ಸಿಕ್ಕಿತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಯಾಕೆಂದರೆ ಇಂಥ ಬರಹಗಳಿಗೆ ಬರುವ ಮೊದಲ ಪ್ರಶ್ನೆ ‘ನೀನು ಯಾವ ಕಡೆ?’ ಅನ್ನೋದು. ಮೇಲುಕೋಟೆ ಮೂಲದ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ನರಕ ಚತುರ್ದಶಿಯ ದಿನ ಹಬ್ಬ ಮಾಡುವುದಿಲ್ಲ. ಟಿಪ್ಪು ಕಾಲದಲ್ಲಿ ಆ ದಿನ ತಮ್ಮವರನ್ನು ಕೊಂದರು ಅನ್ನೋದು ಅವರ ಮನೆತನದ ನೆನಪು. ಊರೆಲ್ಲ ಎಣ್ಣೆ ಸ್ನಾನ ಮಾಡುವಾಗ ಆ ಮನೆಗಳಲ್ಲಿ ಸುಮ್ಮನಿರುತ್ತಾರೆ, ಅಷ್ಟೇ. ಭಾಷಣವಿಲ್ಲ, ಬ್ಯಾನರ್ ಇಲ್ಲ. ಆ ನೋವು ಸುಳ್ಳು ಅನ್ನುವ ಅಧಿಕಾರ ಯಾವ ಪ್ರಗತಿಪರನಿಗೂ ಇಲ್ಲ. ಆ ಮೌನವನ್ನು ಎತ್ತಿಕೊಂಡು ಹೋಗಿ ಚುನಾವಣಾ ಪೋಸ್ಟರ್‌ಗೆ ಅಂಟಿಸುವ ಅಧಿಕಾರ ಯಾವ ಪಕ್ಷಕ್ಕೂ ಇಲ್ಲ. ಸತ್ತವರಿಗಾಗಿ ಒಂದು ಹಬ್ಬ ಬಿಡುವುದು ನೆನಪು ಮಾಡಿಕೊಳ್ಳುವ ಒಂದು ರೀತಿ. ಸತ್ತವರ ಹೆಸರಲ್ಲಿ ಪಕ್ಕದ ಬೀದಿಯವನಿಗೆ ಕಲ್ಲು ಹೊಡೆಯುವುದನ್ನು ನೆನಪು ಅಂತ ಯಾಕೆ ಕರೀಬೇಕು?

ಗೆದ್ದವರು ಹೇಗೆ ನೆನಪಿಟ್ಟುಕೊಂಡರು ನೋಡಿ. ಬೆಂಗಳೂರು ಪೇಟೆಯ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸ್‌ನ ಸಾವನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ದೊಡ್ಡ ತೈಲಚಿತ್ರ ಮಾಡಿದ. ಅದೇ ಹೋಮ್ ಸೈನ್ಯದ ಜೊತೆ ತಿರುಗಿ, ಸಾವನದುರ್ಗವನ್ನೂ ಬರೆದು, 1794ರಲ್ಲಿ ಲಂಡನ್ನಿನಲ್ಲಿ ಚಿತ್ರಗಳ ಪುಸ್ತಕ ತಂದ. ಅದರಲ್ಲಿ ಬಂಡೆ ಬಹಳ ಚೆನ್ನಾಗಿ ಕಾಣುತ್ತೆ, ನಮ್ಮ ಇನ್‌ಸ್ಟಾಗ್ರಾಮ್ ಫೋಟೋಗಳ ಹಾಗೇ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಇಬ್ಬರು ಪುಟ್ಟ ಗಂಡು ಮಕ್ಕಳನ್ನು ಒತ್ತೆ ಕೊಡಬೇಕಾಯಿತು. ಕಾರ್ನ್‌ವಾಲಿಸ್ ಆ ಮಕ್ಕಳ ಕೈ ಹಿಡಿದುಕೊಂಡು ಬರಮಾಡಿಕೊಳ್ಳುವ ದೃಶ್ಯ ಬ್ರಿಟನ್ನಿನ ಕಲಾವಿದರಿಗೆ ಎಷ್ಟು ಇಷ್ಟವಾಯಿತೆಂದರೆ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಬರೆದರು. ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಒಳ್ಳೆಯ ದೊಡ್ಡಪ್ಪನ ಹಾಗೆ ಕಾಣುತ್ತಾನೆ. ಆ ಮಕ್ಕಳು ಮದ್ರಾಸಿನಲ್ಲಿ ಎರಡು ವರ್ಷ ರಾತ್ರಿ ಹೇಗೆ ಮಲಗಿದರು ಅನ್ನೋದನ್ನು ಯಾರೂ ಬರೆಯಲಿಲ್ಲ. ಆ 3 ಕೋಟಿ 30 ಲಕ್ಷವನ್ನು ಹೊಂದಿಸಲು ಯಾವ ರೈತನ ಮನೆಯ ಪಾತ್ರೆ ಹೊರಗೆ ಬಂತು ಅನ್ನೋದನ್ನೂ ಬರೆಯಲಿಲ್ಲ.

ಬೆಂಗಳೂರಿನ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರಿಗೆ ಇವತ್ತಿನ ಕಾರ್ಪೊರೇಷನ್ ಹತ್ತಿರ ಒಂದು ಸ್ಮಾರಕ ಸ್ತಂಭವೂ ಇತ್ತು. ಅದರಿಂದಾಗಿ ಆ ರಸ್ತೆಗೆ ಸೆನೋಟಾಫ್ ರೋಡ್ ಅಂತ ಹೆಸರು. 1964ರಲ್ಲಿ ಸ್ತಂಭ ಕೆಡವಿದರು, ರಸ್ತೆ ಈಗ ನೃಪತುಂಗ ರಸ್ತೆ. ನಮ್ಮ ಮೇಲೆ ದಂಡೆತ್ತಿ ಬಂದವರ ಕಲ್ಲು ತೆಗೆದದ್ದಕ್ಕೆ ನನಗೆ ದುಃಖವೇನಿಲ್ಲ. ಅದೇ ಮುತ್ತಿಗೆಯಲ್ಲಿ ಸತ್ತ ನಮ್ಮವರಿಗೆ ಆ ಜಾಗದಲ್ಲಿ ಇನ್ನೊಂದು ಕಲ್ಲು ನೆಡಬೇಕು ಅಂತ ಯಾರಿಗೂ ಹೊಳೆಯಲಿಲ್ಲವಲ್ಲ, ಅದಕ್ಕೆ ದುಃಖ.

ಹೆಸರು ಬದಲಾಯಿಸುವುದರಲ್ಲಿ ಮಾತ್ರ ನಾವು ಪಕ್ಕಾ. ಟಿಪ್ಪುವಿನ ಎದುರು ಯುದ್ಧಕ್ಕೆ ಬಂದು, 1799ರಲ್ಲಿ ಮೈಸೂರಿನ ಮೊದಲ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಆಯಿತು. ಆಮೇಲೆ ಕ್ಲೋಸ್‌ಪೇಟೆ ಹೋಗಿ ರಾಮನಗರ ಬಂತು. 2007ರಲ್ಲಿ ಜಿಲ್ಲೆಯಾಯಿತು. 2025ರ ಮೇನಲ್ಲಿ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ತೀರ್ಮಾನಿಸಿತು. ಭೂವಿಜ್ಞಾನಿಗಳು ಮಾತ್ರ ಈ ಬೆಟ್ಟಗಳ ಕಲ್ಲನ್ನು ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಅಂತಲೇ ಕರೆಯುತ್ತಾರೆ. ಇನ್ನೂರೈವತ್ತು ಕೋಟಿ ವರ್ಷದ ಬಂಡೆಗೆ ಇನ್ನೂರು ಚಿಲ್ಲರೆ ವರ್ಷದ ಹಿಂದಿನ ಒಬ್ಬ ಕರ್ನಲ್ ಹೆಸರು. ರಾಮದೇವರ ಬೆಟ್ಟಕ್ಕೆ ಹೋದವರು ಕೇಳುವುದು ‘ಗಬ್ಬರ್ ಸಿಂಗ್ ಬಂಡೆ ಯಾವುದು’ ಅಂತ. ‘ಶೋಲೆ’ ಬಂದದ್ದು 1975ರಲ್ಲಿ. ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗ ಒಂದೊಂದಾಗಿ ಕಂಪನಿಯ ಕೈಸೇರಿದ್ದವು. ಸಿನಿಮಾದ ಡಮ್ಮಿ ಗುಂಡಿನ ಸದ್ದು ನೆನಪಿದೆ, ನಿಜವಾದ ಫಿರಂಗಿಯ ಸದ್ದು ಮರೆತಿದ್ದೇವೆ.

*

‘ನಮ್ಮ ಸಂಸ್ಕೃತಿಯಲ್ಲಿ ವೀರಗಲ್ಲು ಇದೆಯಲ್ಲ, ಇದಕ್ಕಿಂತ ದೊಡ್ಡ ಸ್ಮಾರಕ ಬೇಕಾ’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನಾನೂ ವೀರಗಲ್ಲಿನ ಅಭಿಮಾನಿಯೇ. ‘ಬೆಂಗಳೂರು’ ಅನ್ನೋ ಹೆಸರು ನಮಗೆ ಮೊದಲು ಸಿಗುವುದೇ ಬೇಗೂರಿನ ಒಂದು ಕಲ್ಲಿನಲ್ಲಿ. ಒಂಬತ್ತನೇ ಶತಮಾನದ ಕೊನೆಯ ಆ ಶಾಸನದ ವಿಷಯ ಬೆಂಗಳೂರಿನ ಕಾಳಗದಲ್ಲಿ ಸತ್ತವರು. ಬುಟ್ಟಣಸೆಟ್ಟಿ ಅನ್ನೋ ಒಬ್ಬ ಮನುಷ್ಯನ ಹೆಸರು ಅದರಲ್ಲಿದೆ. ನಮ್ಮ ಸ್ಟಾರ್ಟಪ್ ರಾಜಧಾನಿಯ ಹೆಸರು ಇತಿಹಾಸಕ್ಕೆ ಬಂದದ್ದು ಒಂದು ಸಾವಿನ ಸುದ್ದಿಯ ಜೊತೆ. ಊರ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತ ಸಾಮಾನ್ಯ ರೈತನಿಗೂ ನಮ್ಮ ಹಳ್ಳಿಗಳು ಕಲ್ಲು ನಿಲ್ಲಿಸಿವೆ. ಅಷ್ಟರ ಮಟ್ಟಿಗೆ ಇವತ್ತಿನ ಫ್ಲೆಕ್ಸ್ ಸಂಸ್ಕೃತಿಗಿಂತ ಅದು ಸಾವಿರ ಪಾಲು ಮೇಲು.

ಆದರೆ ಮುಂದಿನ ಸಲ ಹೊಲದ ಬದುವಿನಲ್ಲೋ, ಕೆರೆ ಏರಿಯ ಮೇಲೋ ವೀರಗಲ್ಲು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಿ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಶಿವಲಿಂಗದ ಎದುರು ಅವನು ಕೈಮುಗಿದು ಕೂತಿರುತ್ತಾನೆ. ಗಾಯ ಎಲ್ಲಿ? ಮನೆ ಎಲ್ಲಿ? ಅವನ ಅವ್ವ ಎಲ್ಲಿ? ಹೆಂಡತಿ ಬೇಕೆಂದರೆ ಪಕ್ಕದ ಮಾಸ್ತಿಗಲ್ಲು ನೋಡಬೇಕು, ಬಳೆ ತೊಟ್ಟ ಕೈ ಎತ್ತಿ ನಿಂತಿರುತ್ತಾಳೆ. ಅವಳನ್ನೂ ಸುಟ್ಟ ಮೇಲೆಯೇ ಕಲ್ಲಿಗೆ ತಂದದ್ದು. ಕಾಳಗದಿಂದ ಜೀವಂತ ವಾಪಸ್ ಬಂದು, ಮೂವತ್ತು ವರ್ಷ ಬೆಚ್ಚಿ ಬೀಳುತ್ತಾ ಬದುಕಿದವನಿಗೆ ಯಾವ ಊರಿನಲ್ಲೂ ಕಲ್ಲಿಲ್ಲ. ಆ ನಾಲ್ಕನೇ ಹಂತವನ್ನು ನಮ್ಮ ಯಾವ ಶಿಲ್ಪಿಯೂ ಕೆತ್ತಲಿಲ್ಲ, ಯಾಕೆಂದರೆ ಕೆತ್ತಿಸುವವರಿಗೆ ಅದು ಬೇಕಿರಲಿಲ್ಲ. ನಾಳೆ ಇನ್ನೊಬ್ಬನನ್ನು ಕಾಳಗಕ್ಕೆ ಕಳಿಸಬೇಕಲ್ಲ.

2019ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು. ಸುಮಾರು 26 ಸಾವಿರ ಹೆಸರು ಗ್ರಾನೈಟ್ ಇಟ್ಟಿಗೆಗಳ ಮೇಲಿವೆ. ಬೆಂಗಳೂರಿನಲ್ಲೂ ರಾಜಭವನದ ಆಸುಪಾಸಿನಲ್ಲಿ ಸೈನಿಕ ಸ್ಮಾರಕವಿದೆ, ಭಾರಿ ವೀರಗಲ್ಲಿನ ಸಮೇತ. ಹೆಸರು ಕೆತ್ತಿದ್ದು ದೊಡ್ಡ ಕೆಲಸ, ಅದನ್ನು ಹಗುರ ಮಾಡುವುದಿಲ್ಲ. ಆದರೆ ನಾಲ್ಕನೇ ಹಂತ ಅಲ್ಲೂ ಖಾಲಿ.

*

ಈ ನಾಲ್ಕನೇ ಹಂತದ ಮನುಷ್ಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತಿದ್ದಾರೆ ಅನ್ನೋದು ನನಗೆ ಗೊತ್ತಾದದ್ದು ಎರಡು ದೀಪಾವಳಿಯ ಹಿಂದೆ. ಮಾಗಡಿ ಕಡೆಯವರು. ಸೈನ್ಯದಿಂದ ರಿಟೈರ್ ಆಗಿ ಸೆಕ್ಯುರಿಟಿ ಏಜೆನ್ಸಿಯ ನೀಲಿ ಅಂಗಿ ಹಾಕಿದವರು. 1999ರಲ್ಲಿ ಕಾರ್ಗಿಲ್‌ನಲ್ಲಿದ್ದರು. ಅಷ್ಟು ನಮಗೆಲ್ಲ ಗೊತ್ತಿತ್ತು, ಯಾಕೆಂದರೆ ಪ್ರತಿ ಆಗಸ್ಟ್ 15ಕ್ಕೆ ಅಸೋಸಿಯೇಷನ್‌ನವರು ಅವರಿಗೆ ಮೆಡಲ್ ಹಾಕ್ಕೊಂಡು ಬನ್ನಿ ಅಂತ ಹೇಳಿ, ಧ್ವಜ ಹಾರಿಸಿ, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೀತಾರೆ. ನಾನೂ ತೆಗೆಸಿಕೊಂಡಿದ್ದೇನೆ.

ಆ ದೀಪಾವಳಿ ರಾತ್ರಿ ಗೇಟಿನಲ್ಲಿ ಯಾರೂ ಇಲ್ಲ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ. ನಾನು ಬೇಸ್‌ಮೆಂಟಿಗೆ ಕಾರು ತೆಗೆಯಲು ಹೋದಾಗ ಪಂಪ್ ರೂಮಿನ ಬಾಗಿಲು ಅರ್ಧ ತೆಗೆದಿತ್ತು. ಮೋಟಾರ್ ಓಡುತ್ತಿತ್ತು. ಅದರ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಂಗಿ ಬೆವರಿನಲ್ಲಿ ನೆನೆದಿತ್ತು.

‘ಅಣ್ಣಾ, ಹುಷಾರಿಲ್ವಾ?’ ಅಂದೆ.

‘ಏನಿಲ್ಲ ಕಣ್ ಸಾರ್. ಮೋಟ್ರು ಸದ್ದಲ್ಲಿ ಆಚೆ ಸದ್ದು ಗೊತ್ತಾಗಕಿಲ್ಲ, ಅದ್ಕೆ ಬಂದ್ ಕುಂತ್ಕಂಡೆ.’

‘ಪಟಾಕಿದಾ?’

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಪಟಾಕಿ ಅಂತ ಗೊತ್ತು ಸಾರ್. ನಂಗ್ ಗೊತ್ತು. ಮೈಗ್ ಗೊತ್ತಾಗಕಿಲ್ಲ, ಏನ್ ಮಾಡದು’ ಅಂದರು. ಎದ್ದು ಟೋಪಿ ಸರಿ ಮಾಡಿಕೊಂಡು, ‘ಕಂಪ್ಲೇಂಟ್ ಬರೀಬ್ಯಾಡಿ ಸಾರ್, ಏಜೆನ್ಸೀಲಿ ಕೆಲ್ಸದಿಂದ ತೆಗೀತಾರೆ’ ಅಂತ ಸೇರಿಸಿದರು.

ಊರಿನಲ್ಲಿ ಮೊದಮೊದಲು ‘ದಿಗಿಲು ಬಡಿದೈತೆ’ ಅಂತ ತಾಯತ ಕಟ್ಟಿಸಿದರಂತೆ. ರಾತ್ರಿ ಕೂಗಿಕೊಂಡು ಏಳುತ್ತಿದ್ದಾಗ ‘ಕುಡುದು ಮಲ್ಗವ್ನೆ’ ಅಂತ ನೆಂಟರು ಆಡಿಕೊಂಡರಂತೆ. ಡಾಕ್ಟರ ಹತ್ತಿರ ಹೋಗಲಿಲ್ಲವಾ ಅಂದರೆ, ‘ಮಗ್ಳು ಮದ್ವೆ ಆಗ್ಬೇಕಿತ್ತಲ್ಲ ಸಾರ್, ಅಪ್ಪಂಗೆ ತಲೆ ಸರಿ ಇಲ್ಲ ಅಂತ ಎದ್ದ್‌ಬುಟ್ರೆ?’ ಅಂದರು. ನಿಮ್ಹಾನ್ಸ್ ಇರುವ ಊರಿನಲ್ಲಿ, ಅದಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ, ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ಒಂದು ಮೋಟಾರಿನ ಸದ್ದನ್ನು ಔಷಧಿ ಮಾಡಿಕೊಂಡಿದ್ದಾರೆ.

ಇದಕ್ಕೆ ಪಾಶ್ಚಾತ್ಯರು ಮೊದಲಿನಿಂದಲೂ ಮರ್ಯಾದೆ ಕೊಟ್ಟರು, ನಾವು ಮಾತ್ರ ಹಿಂದೆ ಅಂತಲೂ ಅಂದುಕೊಳ್ಳಬೇಡಿ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನೋ ವೈದ್ಯ ‘ಶೆಲ್ ಶಾಕ್’ ಅನ್ನೋ ಮಾತನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದ. ಅದೇ ಯುದ್ಧದಲ್ಲಿ ಬ್ರಿಟನ್ ಹೇಡಿತನ, ಪಲಾಯನದಂಥ ಅಪರಾಧಗಳಿಗೆ ತನ್ನ ಸೈನಿಕರನ್ನೇ ಕಂಬಕ್ಕೆ ಕಟ್ಟಿ ಗುಂಡಿಕ್ಕಿತು. ಅವರಲ್ಲಿ ಹಲವರು ಇದೇ ಕಾಯಿಲೆಯವರು. ಅಂಥ 306 ಮಂದಿಗೆ ಸರ್ಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ, ಹತ್ತಿರ ಹತ್ತಿರ 90 ವರ್ಷದ ನಂತರ. ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ವಾಪಸ್ ಬಂದವರು ಬೀದಿಗಿಳಿದು ಕೂಗಾಡಿದ ಮೇಲೆ. ಎರಡು ವರ್ಷ ಬಿಟ್ಟು ವಾಷಿಂಗ್ಟನ್‌ನಲ್ಲಿ ಮಾಯಾ ಲಿನ್ ವಿನ್ಯಾಸದ ಕಪ್ಪು ಗೋಡೆ ಬಂತು. ಕುದುರೆಯಿಲ್ಲ, ಕತ್ತಿಯಿಲ್ಲ, ಗೆಲುವಿನ ಮಾತಿಲ್ಲ, ಬರೀ ಹೆಸರುಗಳು. ಇದು ಅವಮಾನ ಅಂತ ಮೊದಲು ಬೈದರು. ಆಮೇಲೆ ಆ ಗೋಡೆಯ ಮೇಲೆ ಕೈಯಿಟ್ಟು ಅಳಲು ಸೈನಿಕರೇ ಬಂದರು. ಯಾವ ದೇಶವೂ ತಾನಾಗಿ ಒಳ್ಳೆಯ ಬುದ್ಧಿಯಿಂದ ಇದನ್ನು ಒಪ್ಪಿಲ್ಲ. ಯಾರೋ ಜಗಳ ಆಡಿದ್ದಾರೆ.

*

‘ಇಂಥದ್ದನ್ನೆಲ್ಲ ಮಾತಾಡಿದರೆ ಸೈನ್ಯದ ಮನೋಬಲ ಕುಗ್ಗುತ್ತೆ’ ಅನ್ನೋದು ಮುಂದಿನ ಆಕ್ಷೇಪ. ಯಾರ ಮನೋಬಲ? 2025ರ ಮೇ 7ರ ನೆನಪಿದೆಯಲ್ಲ. ದೇಶವಿಡೀ ಸೈರನ್ ಮಾಕ್ ಡ್ರಿಲ್, ಟಿವಿ ಸ್ಟುಡಿಯೋಗಳಲ್ಲೂ ಸೈರನ್. ನಮ್ಮ ಆಫೀಸಿನ ಚಾಟ್ ಗ್ರೂಪಿನಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ‘ಇನ್ನೊಂದು ಬಿತ್ತು!’ ಅಂತ ಮೆಸೇಜು, ಮೇಲೆ ಬೆಂಕಿಯ ಇಮೋಜಿ. ಪಹಲ್ಗಾಮ್‌ನಲ್ಲಿ ಪ್ರವಾಸಿಗರನ್ನು ಕೊಂದವರ ಮೇಲಿನ ಸಿಟ್ಟು ನನಗೂ ಇತ್ತು, ಇದೆ. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಆದರೆ ಅದೇ ದಿನಗಳಲ್ಲಿ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ಬಿದ್ದು ನಮ್ಮದೇ ನಾಗರಿಕರು ಸತ್ತಾಗ, ಮಕ್ಕಳೂ ಸತ್ತಾಗ, ಆ ಗ್ರೂಪಿನಲ್ಲಿ ಒಂದು ಮೆಸೇಜೂ ಬರಲಿಲ್ಲ. ಪೂಂಛ್ ನಮ್ಮ ಕಾಲದ ಕಾನಕಾನಹಳ್ಳಿ. ದಾರಿಯಲ್ಲಿರುವುದೇ ಅದರ ತಪ್ಪು.

ಹಾಗೆ ಕುಣಿದ ನಮ್ಮಲ್ಲಿ ಯಾರೂ ಸೈನಿಕರಲ್ಲ. ಕುಗ್ಗುವ ಮನೋಬಲ ಏನಾದರೂ ಇದ್ದರೆ ಅದು ಸೋಫಾದ ಮೇಲೆ ಕೂತವರದ್ದು. ಗಡಿಯಲ್ಲಿ ನಿಂತವನಿಗೆ ಗಾಯ ಅಂದರೇನು ಅಂತ ನಾವು ಹೇಳಿ ಗೊತ್ತಾಗಬೇಕಾಗಿಲ್ಲ. ಅವನ ಗಾಯವನ್ನು ಮಾತಿನಿಂದ ಹೊರಗಿಟ್ಟಿರುವುದು ನಮ್ಮ ಅನುಕೂಲಕ್ಕೆ. ಗಾಯ ಕಂಡರೆ ಮುಂದಿನ ಯುದ್ಧವನ್ನು ಐಪಿಎಲ್ ಥರ ನೋಡಲಾಗುವುದಿಲ್ಲ. ಮೆಡಲ್ ಇರುವ ಎದೆಯ ಜೊತೆ ಸೆಲ್ಫಿ ಬೇಕು, ಆ ಎದೆಯ ಬಡಿತ ಬೇಡ ಅನ್ನುವವನ ದೇಶಪ್ರೇಮ ಎಷ್ಟು ಗಟ್ಟಿ ಅಂತ ಪಂಪ್ ರೂಮಿನ ಬಾಗಿಲಲ್ಲಿ ನಿಂತಾಗ ನನಗೇ ಗೊತ್ತಾಯಿತು. ಇಷ್ಟು ಹೊತ್ತು ಬೈದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

1791ರ ಸಂಗತಿಗೂ ನಮ್ಮ ಗೇಟಿನ ಅಣ್ಣನಿಗೂ ಏನು ಸಂಬಂಧ ಅಂತ ಕೇಳಬಹುದು. ಎರಡೂ ಒಂದೇ ಚಟದ ಫಲ. ಯುದ್ಧ ಅಂದ ಕೂಡಲೇ ನಮಗೆ ಬೇಕಾಗುವುದು ಒಬ್ಬ ಹೀರೋ, ಒಬ್ಬ ವಿಲನ್. ಆ ಎರಡು ಪಾತ್ರಕ್ಕೆ ಹೊಂದದವರೆಲ್ಲ ಎಕ್ಸ್‌ಟ್ರಾಗಳು. ಸುಟ್ಟ ಊರಿನವರು, ಬಂಡೆಯಿಂದ ಉರುಳಿದವರು, ಒತ್ತೆಯಾದ ಮಕ್ಕಳು, ಬದುಕಿ ವಾಪಸ್ ಬಂದವರು. ಇನ್ನೂರು ವರ್ಷದ ಹಿಂದಿನ ಎಕ್ಸ್‌ಟ್ರಾಗಳನ್ನು ಮರೆಯುವ ಅಭ್ಯಾಸ ಇದ್ದವರಿಗೆ ಇವತ್ತಿನವರನ್ನು ಮರೆಯುವುದು ಸುಲಭ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ನೂರಾರು ಅಡಿಯ ಪ್ರತಿಮೆ ಬೇಡ, ಜಯಂತಿ ಬೇಡ, ಇನ್ನೊಂದು ಹೆಸರು ಬದಲಾವಣೆಯಂತೂ ಖಂಡಿತ ಬೇಡ. ನಾಲ್ಕು ತಾಲ್ಲೂಕಿಗೆ ನಾಲ್ಕು ಬೋರ್ಡು ಸಾಕು. ಕನ್ನಡದಲ್ಲಿ, ಓದುವಷ್ಟು ದೊಡ್ಡ ಅಕ್ಷರದಲ್ಲಿ. ಮಾಗಡಿಯದ್ದು ಸಾವನದುರ್ಗದ ಬುಡದಲ್ಲಿ, ವೀರಭದ್ರಸ್ವಾಮಿ ಗುಡಿಗೂ ದರ್ಗಾಕ್ಕೂ ಹೋಗುವವರೆಲ್ಲ ನೋಡುವ ಜಾಗದಲ್ಲಿ: ‘1791ರ ಡಿಸೆಂಬರ್ 21ರಂದು ಈ ಬಂಡೆಯ ಮೇಲೆ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರ ಹೆಸರು ಯಾರೂ ಬರೆದಿಡಲಿಲ್ಲ.’ ಕನಕಪುರದ್ದು: ‘ಈ ಊರನ್ನು ಯುದ್ಧಕ್ಕಾಗಿ ಅದರ ದೊರೆಯೇ ಎರಡು ಸಲ ನಾಶ ಮಾಡಿಸಿದ. ಜನ ಎರಡು ಸಲವೂ ಕಟ್ಟಿದರು.’ ರಾಮನಗರದಲ್ಲಿ ಗಬ್ಬರ್ ಬಂಡೆ ತೋರಿಸುವ ಕಡೆಯೇ ಇನ್ನೊಂದು. ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಗಳ ಸಾಲಿನಲ್ಲಿ ಮತ್ತೊಂದು, ಯಾಕೆಂದರೆ ಕೆಲಸ ಕಲಿಸಿದ ಕೈ ಮತ್ತು ಬೆಂಕಿ ಇಡಿಸಿದ ಕೈ ಒಂದೇ ಆಗಿರಬಹುದು ಅನ್ನೋದನ್ನು ಮಕ್ಕಳು ಅಲ್ಲೇ ಕಲಿಯಲಿ. ಹೊಗಳುವುದು ಬೇಡ, ಬೈಯುವುದು ಬೇಡ. ಏನಾಯಿತು, ಯಾರಿಗಾಯಿತು ಅಂತ ಹೇಳಿದರೆ ಸಾಕು.

ಬೋರ್ಡು ಯಾವಾಗ ಬರುತ್ತೋ ಗೊತ್ತಿಲ್ಲ, ಇಲಾಖೆಗಳ ಕೆಲಸ. ಅಷ್ಟರಲ್ಲಿ ನಮ್ಮ ಕೈಯಲ್ಲಿ ಆಗುವುದೊಂದಿದೆ. ಹೋದ ವರ್ಷ ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನು, ಇನ್ನಿಬ್ಬರು ಸೇರಿ ಜಗಳ ಆಡಿ, ದೀಪಾವಳಿಯ ಮೂರು ರಾತ್ರಿ ಅವರಿಗೆ ಸಂಬಳ ಸಹಿತ ರಜೆ ಕೊಡಿಸಿದೆವು. ‘ಎಲ್ಲರಿಗೂ ಹೀಗೆ ಕೊಡ್ತಾ ಹೋದರೆ ಗೇಟ್ ಕಾಯೋರ್ಯಾರು’ ಅಂತ ಒಬ್ಬರು ಕೇಳಿದರು. ಆಗಸ್ಟ್ 15ರ ಸೆಲ್ಫಿಯಲ್ಲಿ ಮುಂದಿನ ಸಾಲಿನಲ್ಲಿ ಇರುವವರು ಅವರೇ.

ಗೇಟು ನಾವೇ ಕಾದೆವು. ಮೂರು ರಾತ್ರಿ, ಸರದಿ ಪ್ರಕಾರ. ಏನೂ ಕಷ್ಟವಾಗಲಿಲ್ಲ. ನಿಮ್ಮ ಗೇಟಿನಲ್ಲೂ ಅಂಥವರೊಬ್ಬರು ಇರಬಹುದು. ಹಬ್ಬಕ್ಕೆ ಮುಂಚೆ ಒಂದು ಮಾತು ಕೇಳಿ.